‘ಈಗ ತಾನೇ ತಿಂದಿರಲ್ಲ’ ಎನ್ನಬೇಡಿ

ಕೇಳುಗರಿಗೆ ನಮಸ್ಕಾರ. ಮರೆವಿನ ಕಾಯಿಲೆ ಬಂದ ಅತ್ತೆಯನ್ನೋ ತಂದೆಯನ್ನೋ ಮನೆಯಲ್ಲಿ ನೋಡಿಕೊಳ್ಳುತ್ತಿರುವವರಿಗೆ ಈ ಮಾತು. ಅಡುಗೆ ಮಾಡುತ್ತಾ ಕೇಳುತ್ತಿದ್ದರೆ ಒಲೆಯ ಉರಿ ಸ್ವಲ್ಪ ತಗ್ಗಿಸಿ. ಊಟ ಮುಗಿದ ಹತ್ತು ನಿಮಿಷಕ್ಕೆ ಅವರು ‘ನನಗೆ ಊಟ ಹಾಕಲಿಲ್ಲ’ ಎಂದರೆ, ‘ಈಗ ತಾನೇ ತಿಂದಿರಲ್ಲ’ ಎನ್ನಬೇಡಿ. ನಾನು ಹೇಳಬೇಕಾದದ್ದು ಇಷ್ಟೇ.

ಸಕಲೇಶಪುರದ ಕಡೆಯ ಒಂದು ಮನೆ. ಎಂಬತ್ತು ದಾಟಿದ ಅಜ್ಜಿ. ಬೆಳಿಗ್ಗೆ ನಾಲ್ಕು ಕಡುಬು ತಿಂದು, ಕೈ ತೊಳೆದು ಜಗಲಿಗೆ ಬಂದು ಕೂರುವರು. ತೋಟದ ಕೆಲಸಕ್ಕೆ ಹೋಗುವವರನ್ನು ಕರೆದು, ‘ನಿನ್ನೆಯಿಂದ ಹೊಟ್ಟೆಗೆ ಏನೂ ಇಲ್ಲ ಕಣಮ್ಮ, ಸೊಸೆ ಅಡುಗೆಮನೆಗೆ ಬೀಗ ಹಾಕಿದ್ದಾಳೆ’ ಎನ್ನುವರು. ಬೀಗ ಹಾಕಿದ್ದು ನಿಜವೇ. ಅಜ್ಜಿ ರಾತ್ರಿ ಎದ್ದು ಬೆಲ್ಲದ ಡಬ್ಬಿ ಖಾಲಿ ಮಾಡುತ್ತಿದ್ದರು, ಒಮ್ಮೆ ಸೋಪನ್ನೂ ಕಚ್ಚಿದ್ದರು. ಅದೆಲ್ಲ ಊರಿಗೆ ಗೊತ್ತಾಗುವುದು ಹೇಗೆ? ಕೆಟ್ಟದ್ದು ಸೊಸೆಯ ಹೆಸರು. ರೋಸಿಹೋದ ಆಕೆ, ಅತ್ತೆ ತಿಂದದ್ದನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯತೊಡಗಿದರು. ‘ನೋಡಿ ಅತ್ತೆ, ಎಂಟು ಗಂಟೆಗೆ ಕಡುಬು, ಹನ್ನೊಂದಕ್ಕೆ ಬಾಳೆಹಣ್ಣು.’ ಅಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ‘ನೀನೇ ಬರೆದುಕೊಂಡಿದ್ದೀಯ’ ಎಂದರಂತೆ. ನನ್ನ ಬಳಿ ಬಂದಾಗ ಆ ಕ್ಯಾಲೆಂಡರನ್ನೂ ಸುತ್ತಿ ತಂದಿದ್ದರು, ಸಾಕ್ಷಿಗೆ.

ಹೊಸ ನೆನಪು ನಿಲ್ಲದವರ ಪಾಲಿಗೆ ಆ ಊಟ ನಡೆದೇ ಇಲ್ಲ. ಕೆಲವರಲ್ಲಿ ಮಿದುಳಿನ ಮುಂಭಾಗವೇ ಸವೆದು ‘ಸಾಕು’ ಅನ್ನಿಸುವುದು ನಿಂತುಹೋಗುತ್ತದೆ, ಸಿಹಿಯ ಹಂಬಲ ಹೆಚ್ಚುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. ವಾದ ಮಾಡಿ ಗೆಲ್ಲುವುದು ಏನನ್ನು?

ಆ ಸೊಸೆಗೆ ಹೇಳಿದ್ದು ಇದು. ‘ಆಯಿತು ಅತ್ತೆ, ಈಗ ತರುತ್ತೇನೆ’ ಎನ್ನಿ. ನಾಲ್ಕು ಕಡುಬನ್ನು ಒಟ್ಟಿಗೆ ಬಡಿಸದೆ ಎರಡನ್ನು ಎಂಟಕ್ಕೆ, ಎರಡನ್ನು ಹತ್ತೂವರೆಗೆ ಕೊಡಿ. ದಿನದ ಅಳತೆ ಅಷ್ಟೇ, ಸಲಗಳು ಹೆಚ್ಚು. ನಡುವೆ ಕೇಳಿದರೆ ಪರಂಗಿಹಣ್ಣು, ನೀರು ಮಜ್ಜಿಗೆ. ಉಂಡ ತಟ್ಟೆಯನ್ನು ಸ್ವಲ್ಪ ಹೊತ್ತು ಅವರೆದುರೇ ಬಿಡಿ. ಬೀಗ ಬೇಕಾದದ್ದು ಸೋಪು, ಫಿನಾಯಿಲು, ಮಾತ್ರೆಗಳಿಗೆ. ಅದು ಅವರೆಕಾಯಿಯ ಕಾಲ. ಒಂದು ಮೊರ ಕಾಯಿ ಮುಂದಿಟ್ಟು ಸೊಸೆಯೂ ಜೊತೆಗೆ ಕುಳಿತರೆ, ಅಜ್ಜಿ ಕಾಳು ಬಿಡಿಸುತ್ತಾ ಮಧ್ಯಾಹ್ನದವರೆಗೆ ಊಟದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಬೇಸರವೂ ಹಸಿವಿನ ವೇಷದಲ್ಲಿ ಬರುತ್ತದೆ.

ಅಜ್ಜಿಯ ಕಥೆಗೇ ಸಮಯವೆಲ್ಲ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಉಬ್ಬಸಕ್ಕೆ ಕೊಡುವ ಸ್ಟೀರಾಯ್ಡ್, ಮನಸ್ಸಿನ ಕಾಯಿಲೆಗೆ ಕೊಡುವ ಓಲಾಂಜಪಿನ್, ಮಿರ್ಟಾಜಪಿನ್ ಮಾತ್ರೆಗಳು ಹಸಿವು ಹೆಚ್ಚಿಸುತ್ತವೆ. ನೀವಾಗಿ ನಿಲ್ಲಿಸಬೇಡಿ, ಮಾತ್ರೆಯ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಿಗೆ ದಿಢೀರ್ ಹಸಿವಿನ ಜೊತೆ ಬೆವರು, ನಡುಕ ಬಂದರೆ ಸಕ್ಕರೆ ಅಂಶ ಇಳಿದಿರಬಹುದು. ಅಳೆದು ನೋಡಿ. 70ಕ್ಕಿಂತ ಕಡಿಮೆಯಿದ್ದು, ಎಚ್ಚರವಾಗಿದ್ದು ನುಂಗಬಲ್ಲವರಾದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಅಲ್ಲಿ ಮಜ್ಜಿಗೆ ಕೊಟ್ಟು ಕಾಯಬೇಡಿ. ಬಹಳ ತಿಂದೂ ಸೊರಗುತ್ತಿದ್ದರೆ ಸಕ್ಕರೆ, ಥೈರಾಯ್ಡ್ ಎರಡನ್ನೂ ಪರೀಕ್ಷಿಸಿ. ಇನ್ನು ಮುದ್ದೆ. ಅಗಿಯದೆ ನುಂಗುವುದು ನಮ್ಮ ಜಿಲ್ಲೆಯವರ ಹೆಮ್ಮೆ, ಗೊತ್ತು. ಆದರೆ ಗಬಗಬನೆ ತಿನ್ನುವ ಅಜ್ಜನಿಗೆ ಅದು ಗಂಟಲಿಗೆ ಸಿಕ್ಕಿಕೊಂಡೀತು. ನೆಟ್ಟಗೆ ಕೂರಿಸಿ, ಸಾರಿನಲ್ಲಿ ಮೆತ್ತಗೆ ಮಾಡಿ, ಚಿಕ್ಕ ತುತ್ತು ಕೊಡಿ.

ಭಾನುವಾರ ಬೆಂಗಳೂರಿನಿಂದ ಬರುವ ಮಕ್ಕಳೇ, ಮೈಸೂರುಪಾಕಿನ ಡಬ್ಬಿಯನ್ನು ಅಮ್ಮನ ಮಡಿಲಿಗೆ ಹಾಕಬೇಡಿ. ‘ಇವರು ನನಗೆ ಊಟ ಹಾಕುವುದಿಲ್ಲ’ ಎಂದು ಅಮ್ಮ ಅತ್ತರೆ, ಅಮ್ಮನಿಗೆ ‘ಈಗ ತಾನೇ ತಿಂದಿರಲ್ಲ’ ಎನ್ನಲೂಬೇಡಿ, ಅಡುಗೆಮನೆಗೆ ನುಗ್ಗಿ ಜಗಳ ತೆಗೆಯಲೂಬೇಡಿ. ಬಂದಾಗಲೆಲ್ಲ ಅವರ ತೂಕ ನೋಡಿ ಬರೆದಿಡಿ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಆ ಚೀಟಿ ಜೊತೆಗಿರಲಿ. ನಮಸ್ಕಾರ.