ಪೋರ್ಷೆ 918 ಸ್ಪೈಡರ್: ಸುಮಾರು ಏಳು ಯೂನಿಟ್ ವಿದ್ಯುತ್ತಿನ ಓಟ

ಕೇಳುಗರಿಗೆ ನಮಸ್ಕಾರ.

2010ರ ಮಾರ್ಚ್ ತಿಂಗಳಲ್ಲಿ ಜಿನೀವಾದ ಮೋಟಾರು ಪ್ರದರ್ಶನದಲ್ಲಿ ಜರ್ಮನಿಯ ಪೋರ್ಷೆ ಕಂಪನಿ 918 ಸ್ಪೈಡರ್ ಎಂಬ ಮಾದರಿ ಕಾರೊಂದನ್ನು ಪ್ರದರ್ಶಿಸಿತು. ರೇಸಿನ ಕಾರಿನಷ್ಟು ವೇಗ, ಪುಟ್ಟ ಸಂಸಾರದ ಕಾರಿಗಿಂತ ಕಡಿಮೆ ಪೆಟ್ರೋಲು, ಮನೆಯ ಗೋಡೆಯ ಪ್ಲಗ್ಗಿನಿಂದಲೇ ಚಾರ್ಜ್ ಮಾಡಿಕೊಳ್ಳುವ ಬ್ಯಾಟರಿ ಎಂಬ ಮೂರು ಭರವಸೆಗಳನ್ನು ಅದು ಒಟ್ಟಿಗೇ ಮುಂದಿಟ್ಟಿತ್ತು. ಅದೇ ವರ್ಷದ ಜುಲೈನಲ್ಲಿ ಕಂಪನಿಯ ಮೇಲ್ವಿಚಾರಣಾ ಮಂಡಳಿ ಕಾರನ್ನು ತಯಾರಿಸಲು ಒಪ್ಪಿಗೆ ನೀಡಿತು. 2013ರ ಸೆಪ್ಟೆಂಬರಿನಲ್ಲಿ ಸ್ಟುಟ್‌ಗಾರ್ಟಿನ ಜುಫೆನ್‌ಹೌಸೆನ್ ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾಯಿತು. ನಡುವಿನ ಮೂರು ವರ್ಷಗಳಲ್ಲಿ ಫ್ರಾಂಕ್ ವಾಲಿಸರ್ ಅವರ ನೇತೃತ್ವದ ಎಂಜಿನಿಯರುಗಳ ತಂಡ ಎದುರಿಸಿದ ತೊಡಕುಗಳೇ ಈ ಹೊತ್ತಿನ ಮಾತಿನ ವಿಷಯ.

ಪೆಟ್ರೋಲನ್ನೂ ವಿದ್ಯುತ್ತನ್ನೂ ಜೊತೆಗೂಡಿಸುವುದು ಈ ಮನೆತನಕ್ಕೆ ಹೊಸತೇನಲ್ಲ. 1900ರ ಸುಮಾರಿಗೆ ತರುಣ ಫರ್ಡಿನಾಂಡ್ ಪೋರ್ಷೆ ವಿಯೆನ್ನಾದ ಲೋಹ್ನರ್ ಗಾಡಿ ಕಾರ್ಖಾನೆಯಲ್ಲಿದ್ದಾಗ, ಪೆಟ್ರೋಲ್ ಎಂಜಿನ್ನುಗಳು ವಿದ್ಯುತ್ ಉತ್ಪಾದಿಸುವ, ಚಕ್ರದ ಗುಂಭದೊಳಗೇ ಕೂತ ಮೋಟಾರುಗಳು ಗಾಡಿಯನ್ನು ಎಳೆಯುವ ವಾಹನವೊಂದನ್ನು ನಿರ್ಮಿಸಿದ್ದರು. ಆದರೆ ಅಂದಿನ ಗಾಡಿಗೆ ತೂಕ ಹೆಚ್ಚಾದರೂ ನಡೆಯುತ್ತಿತ್ತು, ಸ್ಪೋರ್ಟ್ಸ್ ಕಾರಿಗೆ ತೂಕವೇ ಮೊದಲ ಶತ್ರು.

ಆದ್ದರಿಂದಲೇ 918ರ ಬ್ಯಾಟರಿಯ ಸಾಮರ್ಥ್ಯವನ್ನು 6.8 ಕಿಲೋವ್ಯಾಟ್ ಅವರ್‌ಗೆ ಮಿತಿಗೊಳಿಸಲಾಯಿತು. ನಮ್ಮ ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಇದು ಏಳು ಯೂನಿಟ್ಟೂ ಆಗುವುದಿಲ್ಲ. ಇಷ್ಟರಲ್ಲಿ ಕಾರು ವಿದ್ಯುತ್ತಿನಿಂದಲೇ ಓಡುವುದು ಯುರೋಪಿನ ಪರೀಕ್ಷೆಯ ಪ್ರಕಾರ ಹದಿನಾರರಿಂದ ಮೂವತ್ತೊಂದು ಕಿಲೋಮೀಟರು. ಮುಂದಿನ ಚಕ್ರಗಳಿಗೆ 129 ಅಶ್ವಶಕ್ತಿಯ ಒಂದು ಮೋಟಾರು, ಹಿಂದಿನ ಚಕ್ರಗಳಿಗೆ ಎಂಟು ಸಿಲಿಂಡರುಗಳು ಇಂಗ್ಲಿಷಿನ ವಿ ಅಕ್ಷರದಂತೆ ಎರಡು ಸಾಲಾಗಿ ಕೂತ 4.6 ಲೀಟರಿನ ವಿ8 ಎಂಜಿನ್ನಿನೊಂದಿಗೆ ಸೇರಿಕೊಂಡ 156 ಅಶ್ವಶಕ್ತಿಯ ಇನ್ನೊಂದು ಮೋಟಾರು. ಆರ್‌ಎಸ್ ಸ್ಪೈಡರ್ ಎಂಬ ರೇಸಿನ ಕಾರಿನ ವಂಶದ ಆ ಎಂಜಿನ್ ನಿಮಿಷಕ್ಕೆ ಒಂಬತ್ತು ಸಾವಿರ ಸುತ್ತುಗಳನ್ನು ದಾಟಿ ತಿರುಗಿ, ತಾನೊಂದೇ 608 ಅಶ್ವಶಕ್ತಿಯನ್ನು ನೀಡುತ್ತಿತ್ತು. ಮೂರೂ ಒಂದೇ ಕ್ಷಣದಲ್ಲಿ ತಮ್ಮ ಗರಿಷ್ಠ ಮಟ್ಟ ಮುಟ್ಟುವುದಿಲ್ಲವಾದ್ದರಿಂದ, ಎಲ್ಲವೂ ಸೇರಿ ದುಡಿದಾಗ ಒಟ್ಟು 887.

ಇಷ್ಟು ಪ್ರಬಲವಾದ ಎಂಜಿನ್ನನ್ನೂ ಬಿಸಿಯೆಂದರೆ ಆಗದ ಬ್ಯಾಟರಿಯನ್ನೂ ಒಂದೇ ಒಡಲಿನಲ್ಲಿ, ಬೆನ್ನಿಗೆ ಬೆನ್ನು ತಾಗುವಂತೆ ಇಡಬೇಕಾಗಿ ಬಂದಾಗ ನಿಜವಾದ ಕಷ್ಟ ಶುರುವಾಯಿತು. ಲಿಥಿಯಂ ಅಯಾನ್ ಬ್ಯಾಟರಿ ಚೆನ್ನಾಗಿ ಕೆಲಸ ಮಾಡುವುದು ಇಪ್ಪತ್ತರಿಂದ ನಲವತ್ತು ಡಿಗ್ರಿಯ ನಡುವೆ. ವಿ8 ಎಂಜಿನ್ನಿನಿಂದ ಹೊರಬೀಳುವ ಹೊಗೆಯಾದರೋ ನೂರಾರು ಡಿಗ್ರಿ ಕಾದಿರುತ್ತದೆ. ಸಾಮಾನ್ಯವಾಗಿ ಇಂಥ ಎಂಜಿನ್ನುಗಳಲ್ಲಿ ಹೊಗೆ ಎರಡು ಬದಿಗಳಿಂದ ಹೊರಟು, ಕೆಳಗಿಳಿದು, ಕೊಳವೆಗಳಲ್ಲಿ ಬಳಸಿಕೊಂಡು ಕಾರಿನ ಹಿಂಭಾಗಕ್ಕೆ ಬರುತ್ತದೆ, ದಾರಿಯುದ್ದಕ್ಕೂ ಶಾಖವನ್ನು ಚೆಲ್ಲುತ್ತ ಬರುತ್ತದೆ. ತಂಡದವರು ಇದನ್ನು ತಿರುವುಮುರುವು ಮಾಡಿದರು. ಹೊಗೆ ಹೊರಬರುವ ಬದಿಯನ್ನು ವಿ ಆಕಾರದ ಒಳಮಗ್ಗುಲಿಗೆ ತಂದು, ಕೊಳವೆಗಳನ್ನು ನೇರವಾಗಿ ಮೇಲಕ್ಕೆ ಎತ್ತಿ, ಚಾಲಕನ ತಲೆಯ ಹಿಂದೆ, ಎಂಜಿನ್ನಿನ ಮುಚ್ಚಳದ ಮೇಲೆಯೇ ಬಾಯಿ ತೆರೆಯುವಂತೆ ಮಾಡಿದರು. ಹಳ್ಳಿಮನೆಯ ಒಲೆಯ ಮೇಲಿನ ಹೊಗೆಗೂಡಿನಂತೆ, ಶಾಖ ಒಳಗೆ ಸುತ್ತಾಡದೆ ಅತ್ಯಂತ ಹತ್ತಿರದ ದಾರಿಯಲ್ಲಿ ಆಚೆ ಹೋಯಿತು. ನೋಡುವವರಿಗೆ ಆ ಎರಡು ಕೊಳವೆಗಳು ಬರೀ ಠೀವಿಗಾಗಿ ಇಟ್ಟವೆಂದು ತೋರಬಹುದು, ಆದರೆ ಈ ಕಾರಿನಲ್ಲಿ ಅವುಗಳಷ್ಟು ಉಪಯುಕ್ತವಾದ ಅಲಂಕಾರ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಇದರ ಜೊತೆಗೆ ಬ್ಯಾಟರಿಗೆಂದೇ ಪ್ರತ್ಯೇಕವಾದ ದ್ರವ ತಂಪುಕಾರಕ ವ್ಯವಸ್ಥೆಯನ್ನೂ ಅಳವಡಿಸಲಾಯಿತು.

ಎರಡನೆಯ ತೊಡಕು ಬ್ರೇಕಿನದು. ಹೀಗೆ ಪೆಟ್ರೋಲು, ವಿದ್ಯುತ್ತು ಎರಡರಿಂದಲೂ ಓಡುವ ಹೈಬ್ರಿಡ್ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಮೋಟಾರುಗಳು ಜನರೇಟರುಗಳಾಗಿ ತಿರುಗಿ, ವ್ಯರ್ಥವಾಗಬಹುದಾಗಿದ್ದ ಚಲನಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತವೆ. ಒತ್ತಡ ಹೆಚ್ಚಿದಾಗ ಮಾತ್ರ ಸೆರಾಮಿಕ್ ಡಿಸ್ಕುಗಳು ನೆರವಿಗೆ ಬರುತ್ತವೆ. ಹೇಳುವುದಕ್ಕೆ ಸುಲಭ. ಆದರೆ ಬ್ಯಾಟರಿ ತುಂಬಿದ್ದಾಗ ಅದು ವಿದ್ಯುತ್ತನ್ನು ಸ್ವೀಕರಿಸುವುದಿಲ್ಲ, ಆಗ ಪೂರ್ತಿ ಹೊರೆ ಡಿಸ್ಕುಗಳ ಮೇಲೆ ಬೀಳುತ್ತದೆ. ಈ ಅದಲುಬದಲು ಚಾಲಕನ ಪಾದಕ್ಕೆ ಗೊತ್ತಾಗಬಾರದು, ಏಕೆಂದರೆ ಗಂಟೆಗೆ ಇನ್ನೂರು ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲಿ ತಿರುವಿಗೆ ನುಗ್ಗುವವನು ತನ್ನ ಪೆಡಲನ್ನು ಕಣ್ಣುಮುಚ್ಚಿ ನಂಬಬೇಕು. ಎರಡು ಬಗೆಯ ಬ್ರೇಕುಗಳು ಒಂದೇ ಎಂಬಂತೆ ಅನಿಸುವ ಹಾಗೆ ತಂತ್ರಾಂಶವನ್ನು ತಿದ್ದಿ ತೀಡುವುದು, ಎಂಜಿನ್ ಕಟ್ಟುವುದಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಕೆಲಸ.

ಕೂಡಿಟ್ಟ ವಿದ್ಯುತ್ತನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದನ್ನೂ ತಂತ್ರಾಂಶವೇ ನಿರ್ಧರಿಸುತ್ತದೆ. ಸಾಮಾನ್ಯ ಓಡಾಟದಲ್ಲಿ ಕಾರು ಸದ್ದಿಲ್ಲದೆ ಮೋಟಾರುಗಳಿಂದಲೇ ಹೊರಡುತ್ತದೆ. ರೇಸಿನ ವಿಧಾನಕ್ಕೆ ಹೊರಳಿದಾಗ ಎಂಜಿನ್ ಬಿಡುವು ಸಿಕ್ಕಿದಾಗಲೆಲ್ಲ ಬ್ಯಾಟರಿಯನ್ನು ತುಂಬುತ್ತಿರುತ್ತದೆ. ‘ಹಾಟ್ ಲ್ಯಾಪ್’ ಎಂಬ ಗುಂಡಿ ಒತ್ತಿದರೆ ಒಂದು ಸುತ್ತಿನ ಮಟ್ಟಿಗೆ ಉಳಿತಾಯದ ಮಾತೇ ಇಲ್ಲ. 2013ರ ಸೆಪ್ಟೆಂಬರ್ 4ರಂದು ಜರ್ಮನಿಯ ಹೆಸರಾಂತ ರೇಸಿನ ಹಾದಿಯಾದ ನ್ಯೂರ್‌ಬರ್ಗ್‌ರಿಂಗ್ ಪಥದ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ಸುತ್ತನ್ನು ರೇಸಿನ ಚಾಲಕ ಮಾರ್ಕ್ ಲೀಬ್ ಈ ಕಾರಿನಲ್ಲಿ 6 ನಿಮಿಷ 57 ಸೆಕೆಂಡುಗಳಲ್ಲಿ ಮುಗಿಸಿದರು. ಮೂರು ವರ್ಷ ಹಿಂದೆ ಇದೇ ಪಥದ 24 ಗಂಟೆಗಳ ಸ್ಪರ್ಧೆಯಲ್ಲಿ ಕಂಪನಿಯ 911 ಹೈಬ್ರಿಡ್ ಎಂಬ ಪ್ರಾಯೋಗಿಕ ರೇಸಿನ ಕಾರು ಮುಂಚೂಣಿಯಲ್ಲಿದ್ದಾಗ, ಇನ್ನೆರಡು ಗಂಟೆಯೂ ಉಳಿದಿಲ್ಲದ ಹೊತ್ತಿನಲ್ಲಿ ನಿಂತುಹೋಗಿತ್ತು. ಅಂದು ಕೈಕೊಟ್ಟದ್ದು ಎಲ್ಲರೂ ಅನುಮಾನಿಸುತ್ತಿದ್ದ ವಿದ್ಯುತ್ ಭಾಗವಲ್ಲ, ಹಳೆಯ ನಂಬಿಕೆಯ ಪೆಟ್ರೋಲ್ ಎಂಜಿನ್ನೇ.

ಇನ್ನು ಪೆಟ್ರೋಲ್ ಉಳಿತಾಯದ ಮಾತು. ನೂರು ಕಿಲೋಮೀಟರಿಗೆ 3.1 ಲೀಟರ್, ಅಂದರೆ ಲೀಟರಿಗೆ ಮೂವತ್ತೆರಡು ಕಿಲೋಮೀಟರ್ ಎಂದು ಯುರೋಪಿನ ಪ್ರಮಾಣಪತ್ರ ಹೇಳುತ್ತಿತ್ತು. ಆದರೆ ಆ ಪರೀಕ್ಷೆ ತುಂಬಿದ ಬ್ಯಾಟರಿಯಿಂದ ಆರಂಭಿಸಿ, ಬ್ಯಾಟರಿ ಖಾಲಿಯಾದ ಮೇಲೆ ಇಪ್ಪತ್ತೈದು ಕಿಲೋಮೀಟರಿಗೊಮ್ಮೆ ಪ್ಲಗ್ ಸಿಗುತ್ತದೆ ಎಂಬ ಎಣಿಕೆಯ ಮೇಲೆ ನಿಂತಿತ್ತು. ಅಮೆರಿಕದ ಸರ್ಕಾರಿ ಪರೀಕ್ಷೆಯಲ್ಲಿ ಬ್ಯಾಟರಿ ಖಾಲಿಯಾದಾಗ ಬಂದ ಅಂಕಿ ಲೀಟರಿಗೆ ಒಂಬತ್ತು ಕಿಲೋಮೀಟರಿನಷ್ಟು. ಇಷ್ಟು ಬಲದ ಕಾರಿಗೆ ಅದೂ ಕಡಿಮೆಯೇನಲ್ಲ, ಆದರೆ ಮೊದಲಿನ ಅಂಕಿಯನ್ನು ಕಾರಿನ ಗುಣವೆನ್ನುವುದಕ್ಕಿಂತ ಪರೀಕ್ಷೆಯ ಗುಣವೆನ್ನುವುದೇ ಸರಿ.

ಹೆಸರಿಗೆ ತಕ್ಕಂತೆ 918 ಕಾರುಗಳನ್ನು ತಯಾರಿಸಿ, 2015ರ ಜೂನ್ ತಿಂಗಳಲ್ಲಿ ಉತ್ಪಾದನೆಯನ್ನು ನಿಲ್ಲಿಸಲಾಯಿತು. ಪ್ಲಗ್ಗಿನ ಸೌಲಭ್ಯ ಮುಂದುವರಿದದ್ದು ಪನಮೇರಾ, ಕಯೆನ್ ಮುಂತಾದ ದೊಡ್ಡ ಕಾರುಗಳಲ್ಲಿ, ಪ್ರತಿದಿನ ಮನೆ ಬಿಟ್ಟು ಮನೆ ಸೇರುವ ಜನರಿಗೆ ಅದು ನಿಜಕ್ಕೂ ಅನುಕೂಲ. ಆದರೆ 2024ರಲ್ಲಿ ಕಂಪನಿಯ ಹೆಸರಾಂತ 911 ಮೊದಲ ಬಾರಿಗೆ ಹೈಬ್ರಿಡ್ ಆಗಿ ರಸ್ತೆಗೆ ಬಂದಾಗ ಅದರಲ್ಲಿದ್ದ ಬ್ಯಾಟರಿ ಎರಡು ಕಿಲೋವ್ಯಾಟ್ ಅವರ್‌ಗಿಂತಲೂ ಚಿಕ್ಕದು. ಹೊರಗಿನಿಂದ ಚಾರ್ಜ್ ಮಾಡಲು ಅದಕ್ಕೆ ಪ್ಲಗ್ಗನ್ನೇ ಇಟ್ಟಿರಲಿಲ್ಲ.