ಅರ್ಧ ಇಂಚಿನ ಕೆಲಸ

ಎಲ್ಲರಿಗೂ ನಮಸ್ಕಾರ.

ಬೀರುವಿನಲ್ಲಿ ಒಂದು ಅಂಗಿ ಇರುತ್ತದೆ ನೋಡಿ. ಬಣ್ಣ ಇಷ್ಟ, ಬಟ್ಟೆಯೂ ಚೆನ್ನಾಗಿದೆ. ಆದರೆ ಹಾಕಿಕೊಂಡರೆ ಏನೋ ಸರಿಯಿಲ್ಲ. ಕನ್ನಡಿ ಮುಂದೆ ನಿಂತು ಅಲ್ಲಿ ಎಳೆದು ಇಲ್ಲಿ ಎಳೆದು ನೋಡುತ್ತೀರಿ, ಬೇಡ ಅನ್ನಿಸುತ್ತದೆ, ಬಿಚ್ಚಿ ಮಡಚಿ ಮತ್ತೆ ಅದೇ ಜಾಗದಲ್ಲಿ ಇಡುತ್ತೀರಿ. ಇವತ್ತು ನಾನು ಮಾತಾಡುವುದು ಆ ಅಂಗಿಯ ಬಗ್ಗೆ. ಅದನ್ನು ಹಾಕುವ ಹಾಗೆ ಮಾಡಿಕೊಳ್ಳಲು ಎಷ್ಟೋ ಸಲ ಒಂದು ಸೂಜಿ, ಸ್ವಲ್ಪ ದಾರ, ಅರ್ಧ ಇಂಚಿನ ತಿದ್ದುಪಡಿ ಸಾಕು.

ರೆಡಿಮೇಡ್ ಬಟ್ಟೆ ಮೈಗೆ ಕೂರದಿದ್ದರೆ ನಾವು ಮೈಯನ್ನೇ ಬೈದುಕೊಳ್ಳುತ್ತೇವೆ. ನನ್ನ ಹೊಟ್ಟೆ ಹೀಗೆ, ನನ್ನ ತೋಳು ಹಾಗೆ ಅಂತ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1939-40ರಲ್ಲಿ ಸುಮಾರು 15,000 ಹೆಂಗಸರ ಅಳತೆ ತೆಗೆದರು, ಒಬ್ಬೊಬ್ಬರದೂ 50ಕ್ಕಿಂತ ಜಾಸ್ತಿ ಅಳತೆ. ಅದರ ಆಧಾರದ ಮೇಲೆ 1958ರಲ್ಲಿ ಹೆಂಗಸರ ಉಡುಪಿಗೆ ಒಂದು ಸೈಜ್ ಪಟ್ಟಿ ಬಂತು. 1983ರಲ್ಲಿ ಆ ಪಟ್ಟಿಯನ್ನು ವಾಪಸ್ ತೆಗೆದುಕೊಂಡರು. ಎದೆಯ ಸುತ್ತಳತೆ ಒಂದೇ ಇರುವ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ, ಒಬ್ಬರ ಹೆಗಲು ಅಗಲ, ಇನ್ನೊಬ್ಬರ ಬೆನ್ನು ಉದ್ದ, ಒಬ್ಬರ ಎಡ ಹೆಗಲು ಬಲಕ್ಕಿಂತ ಒಂದು ಚೂರು ಕೆಳಗೆ. ಇಷ್ಟನ್ನೆಲ್ಲ ಒಂದು ನಂಬರಿನಲ್ಲಿ ಹಿಡಿಯಲು ಆಗುವುದಿಲ್ಲ. ಅಂಗಡಿಯಿಂದ ತರುವ ಬಟ್ಟೆಯನ್ನು ನಾನು ಅರ್ಧ ಮುಗಿದ ಬಟ್ಟೆ ಅಂತಲೇ ನೋಡುತ್ತೇನೆ.

ಏನನ್ನು ತಿದ್ದಬಾರದು ಅನ್ನುವುದನ್ನು ಮೊದಲು ಹೇಳುತ್ತೇನೆ. ಅಂಗಿ ನಮ್ಮ ಮೇಲೆ ನೇತಾಡುವುದು ಹೆಗಲಿನಿಂದ. ತೋಳು ಸೇರುವ ಹೊಲಿಗೆ ಹೆಗಲ ಮೂಳೆ ಮುಗಿಯುವಲ್ಲಿ ಬರಬೇಕು. ಅದು ಜಾರಿ ಕೆಳಗೆ ಬಂದಿದ್ದರೆ ತೋಳನ್ನೇ ಬಿಚ್ಚಿ, ಸುತ್ತ ಹೊಸದಾಗಿ ಕತ್ತರಿಸಿ, ಮತ್ತೆ ಕೂರಿಸಬೇಕು. ಕೈ ಪಳಗಿದ ದರ್ಜಿಗಳಿಗೂ ಅದು ಕಷ್ಟದ ಕೆಲಸ, ಅದರಲ್ಲೂ ಕೋಟಿನದಾದರೆ ಕೇಳುವುದೇ ಬೇಡ. ಹಾಗಾಗಿ ಕೊಳ್ಳುವಾಗಲೇ ಹೆಗಲು ನೋಡಿ. ಪ್ಯಾಂಟಿನಲ್ಲಿ ಕೂರುವ ಭಾಗ ಮತ್ತು ತೊಡೆ ನೋಡಿ. ಇವು ಸರಿಯಿದ್ದರೆ ಮಿಕ್ಕಿದ್ದೆಲ್ಲ ಸರಿಮಾಡಬಹುದು, ಉದ್ದ, ಸೊಂಟ, ಪಕ್ಕ, ಎಲ್ಲ.

ಇದರಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಜಾಸ್ತಿ ಫಲ ಕೊಡುವುದು ಉದ್ದ. ಪ್ಯಾಂಟಿನ ತುದಿ ಪಾದದ ಮೇಲೆ ಗುಪ್ಪೆಯಾಗಿ ಬಿದ್ದಿದ್ದರೆ ಎಷ್ಟು ಒಳ್ಳೆಯ ಬಟ್ಟೆಯಾದರೂ ಎರವಲು ತಂದ ಹಾಗೆ ಕಾಣುತ್ತದೆ ಅಲ್ವಾ? ಹತ್ತಿ ಬಟ್ಟೆಯಾಗಿದ್ದರೆ ಕತ್ತರಿ ಹಾಕುವ ಮುಂಚೆ ಒಂದು ಸಲ ಒಗೆದು ಒಣಗಿಸಿ. ಹತ್ತಿ ಮೊದಲ ಒಗೆತಕ್ಕೆ ಕುಗ್ಗುತ್ತದೆ. 40 ಇಂಚು ಉದ್ದದ ಬಟ್ಟೆ ನೂರಕ್ಕೆ 3ರಷ್ಟು ಕುಗ್ಗಿದರೂ ಒಂದು ಇಂಚಿಗಿಂತ ಜಾಸ್ತಿ ಹೋಯಿತು. ನಾನು ಹೊಸ ಪ್ಯಾಂಟನ್ನು ಒಗೆಯದೆ, ಆತುರದಲ್ಲಿ ಲೆಕ್ಕಕ್ಕೆ ಸರಿಯಾಗಿ ಕತ್ತರಿಸಿ ಹೊಲಿದಿದ್ದೆ. ಮೊದಲ ಒಗೆತದ ನಂತರ ಅದು ಕಣಕಾಲಿನ ಮೇಲೆ ನಿಂತಿತು, ಒಳಗೆ ಇಳಿಸಲು ಬಟ್ಟೆ ಉಳಿದಿರಲಿಲ್ಲ. ಬಹಳ ಬೇಜಾರಾಗಿತ್ತು. ಅವತ್ತಿನಿಂದ ಒಗೆಯದ ಬಟ್ಟೆಗೆ ನಾನು ಕತ್ತರಿ ತಾಗಿಸಿಲ್ಲ.

ಅಳತೆ ತೆಗೆಯುವಾಗ ಆ ಪ್ಯಾಂಟಿನ ಜೊತೆ ಹಾಕುವ ಚಪ್ಪಲಿ ಅಥವಾ ಬೂಟು ಹಾಕಿಕೊಂಡೇ ನಿಲ್ಲಿ. ಬೇರೆ ಯಾರಾದರೂ ಪಿನ್ನು ಹಾಕಿದರೆ ಒಳ್ಳೆಯದು, ಏಕೆಂದರೆ ನೀವೇ ಬಗ್ಗಿದ ತಕ್ಷಣ ಪ್ಯಾಂಟು ಮೇಲಕ್ಕೆ ಹೋಗುತ್ತದೆ. ಎರಡೂ ಕಾಲಿಗೆ ಬೇರೆ ಬೇರೆಯಾಗಿ ಗುರುತು ಮಾಡಿ. ಬಹಳ ಜನರಿಗೆ ಎರಡು ಕಾಲಿನ ಉದ್ದ ಒಂದೇ ಇರುವುದಿಲ್ಲ, ಅದು ಅವರಿಗೇ ಗೊತ್ತಿರುವುದಿಲ್ಲ. ಒಳಗೆ ಒಂದೂವರೆ ಇಂಚಾದರೂ ಮಡಿಕೆಗೆ ಬಿಡಿ. ಬೆಳೆಯುವ ಮಕ್ಕಳದಾದರೆ ಇನ್ನೂ ಜಾಸ್ತಿ. ಕೈಯಲ್ಲಿ ಹೆಮ್ಮಿಂಗ್ ಮಾಡುವಾಗ ಹೊರಗಿನ ಬಟ್ಟೆಯಿಂದ ಒಂದೋ ಎರಡೋ ಎಳೆ ಮಾತ್ರ ಎತ್ತಬೇಕು, ದಾರವನ್ನು ಬಿಗಿಯಾಗಿ ಎಳೆಯಬಾರದು. ಎಳೆದರೆ ಹೊರಗೆ ಸಣ್ಣ ಸಣ್ಣ ಗುಳಿ ಕಾಣುತ್ತದೆ. ಎಳೆದಿರಿ ಅನ್ನಿಸಿದರೆ ಬಿಚ್ಚಿ ಮತ್ತೆ ಹಾಕಿ, ಐದು ನಿಮಿಷದ ಕೆಲಸ.

ಜೀನ್ಸ್‌ನ ವಿಷಯ ಸ್ವಲ್ಪ ಬೇರೆ. ಅದರ ತುದಿಯ ಪಟ್ಟಿ ಒಗೆದು ಒಗೆದು ಮಾಸಿರುತ್ತದೆ, ಅದೇ ಅದರ ಚೆಂದ. ಅದನ್ನು ಉಳಿಸಿಕೊಂಡೇ ಗಿಡ್ಡ ಮಾಡಬಹುದು. 2 ಇಂಚು ಕಡಿಮೆ ಮಾಡಬೇಕು ಅಂದುಕೊಳ್ಳಿ. ತುದಿಯನ್ನು ಹೊರಮುಖವಾಗಿ ಮೇಲಕ್ಕೆ ಮಡಚಿ, ಹಳೆಯ ಪಟ್ಟಿಯ ಮೇಲ್ಗಡೆಯ ಅಂಚಿನಿಂದ ಕೆಳಗಿನ ಮಡಿಕೆಗೆ 1 ಇಂಚು ಇರುವ ಹಾಗೆ ನೋಡಿಕೊಳ್ಳಿ. ಪಟ್ಟಿಯನ್ನು ಲೆಕ್ಕಕ್ಕೆ ಸೇರಿಸಬೇಡಿ. ಆ ಅಂಚಿಗೆ ಅಂಟಿಕೊಂಡ ಹಾಗೆ ಸುತ್ತಲೂ ಹೊಲಿಗೆ ಹಾಕಿ, ಮಡಿಕೆಯನ್ನು ಒಳಗೆ ತಿರುಗಿಸಿ, ಪಟ್ಟಿಯನ್ನು ಕೆಳಕ್ಕೆ ಬಿಟ್ಟು ಚೆನ್ನಾಗಿ ಇಸ್ತ್ರಿ ಮಾಡಿ. ಹೊಸ ಹೊಲಿಗೆ ಪಟ್ಟಿಯ ನೆರಳಿನಲ್ಲಿ ಅಡಗಿಹೋಗುತ್ತದೆ.

ಇನ್ನು ಅಂಗಿಯ ಅಗಲ. ಇಲ್ಲಿ ಜನ ಎಡವುವುದು ಲೆಕ್ಕದಲ್ಲಿ. ಅಂಗಿ ಸುತ್ತಳತೆಯಲ್ಲಿ 2 ಇಂಚು ದೊಗಳೆ ಇದೆ ಅಂತಿಟ್ಟುಕೊಳ್ಳಿ. ಒಂದೊಂದು ಪಕ್ಕದಲ್ಲಿ 1 ಇಂಚು ಒಳಗೆ ಹೊಲಿದುಬಿಡುತ್ತಾರೆ, ಅಂಗಿ ಉಸಿರು ಕಟ್ಟುವಷ್ಟು ಬಿಗಿಯಾಗುತ್ತದೆ. ಯಾಕೆ? ಹೊಲಿಗೆಯಲ್ಲಿ ಮುಂದಿನ ಬಟ್ಟೆ ಒಂದು, ಹಿಂದಿನದು ಒಂದು, ಎರಡು ಪದರ ಸೇರಿರುತ್ತವೆ. ಅರ್ಧ ಇಂಚು ಒಳಗೆ ಬಂದರೆ ಆ ಪಕ್ಕದಲ್ಲಿ 1 ಇಂಚು ಹೋಗುತ್ತದೆ, ಎರಡು ಪಕ್ಕ ಸೇರಿ 2 ಇಂಚು. ಬೇಕಾಗಿದ್ದು ಬರೀ ಅರ್ಧ ಇಂಚು! ಈ ಲೆಕ್ಕ ತಲೆಯಲ್ಲಿ ಕೂತರೆ ಮುಕ್ಕಾಲು ಕೆಲಸ ಆದ ಹಾಗೆ.

ಕಂಕುಳಿನಿಂದ ಕೆಳಗಿನವರೆಗೆ ಸ್ಕೇಲು ಇಟ್ಟ ಹಾಗೆ ನೇರವಾಗಿ ಹಿಡಿಯಬೇಡಿ. ಕಂಕುಳಿನ 2 ಇಂಚು ಕೆಳಗೆ ಶುರುಮಾಡಿ, ನಡುವಿನ ಹತ್ತಿರ ಜಾಸ್ತಿ ಒಳಗೆ ಬಂದು, ಮತ್ತೆ ನಿಧಾನವಾಗಿ ಹೊರಗೆ ಹೋಗಲಿ. ಕಂಕುಳಿನಲ್ಲೇ ಹಿಡಿಯಬೇಕಾದರೆ ತೋಳಿನ ಒಳಹೊಲಿಗೆಯನ್ನೂ ಜೊತೆಯಲ್ಲೇ ಹಿಡಿಯಬೇಕಾಗುತ್ತದೆ. ಕೆಲವು ಅಂಗಿಗಳ ಪಕ್ಕದ ಹೊಲಿಗೆ ಒಂದರೊಳಗೆ ಒಂದು ಮಡಚಿ ಎರಡು ಸಾಲು ಹಾಕಿರುತ್ತದೆ, ಅದನ್ನು ಬಿಚ್ಚುವುದು ತಲೆನೋವು. ಅಂಥದ್ದಕ್ಕೆ ಬೆನ್ನಿನಲ್ಲಿ ಎರಡು ಉದ್ದದ ಡಾಟ್, ಅಂದರೆ ಬಟ್ಟೆಯನ್ನು ಒಳಗಡೆ ಚಿವುಟಿ ಮಡಚಿ ಹಾಕುವ ಹೊಲಿಗೆ, ಹಿಡಿಯುವುದೇ ಸುಲಭ. ನಡುವಿನಲ್ಲಿ ಅಗಲ, ಎರಡು ತುದಿಯಲ್ಲಿ ಚೂಪು. ತುದಿಯಲ್ಲಿ ಮಿಷಿನ್ನನ್ನು ಹಿಂದೆ ಮುಂದೆ ಓಡಿಸಬೇಡಿ, ದಾರವನ್ನು ಕೈಯಲ್ಲೇ ಗಂಟು ಹಾಕಿ. ಇಲ್ಲದಿದ್ದರೆ ಅಲ್ಲಿ ಒಂದು ಗುಬುಟು ಏಳುತ್ತದೆ.

ಪಿನ್ನು ಹಾಕುವುದು ಅಂಗಿ ತಿರುಗಾಮುರುಗಾ ಮಾಡಿಯೋ, ಸರಿಯಾಗಿ ಹಾಕಿಕೊಂಡೋ? ನಾನು ಸರಿಯಾಗಿ ಹಾಕಿಕೊಂಡೇ ಹಾಕುತ್ತೇನೆ. ತಿರುಗಾಮುರುಗಾ ಹಾಕಿದರೆ ಎಡದ ಅಂಗಿ ಬಲದ ಮೈಮೇಲೆ ಬರುತ್ತದೆ. ಹೆಗಲು ಏರುಪೇರು ಇರುವವರಿಗೆ ಆಗ ತಪ್ಪು ಪಕ್ಕ ತಿದ್ದಿದ ಹಾಗಾಗುತ್ತದೆ.

ಸಣ್ಣಪುಟ್ಟ ಉಪಾಯಗಳೂ ಇವೆ. ಕೈಪಟ್ಟಿ ದೊಡ್ಡದಾಗಿ ಅಂಗೈ ಮೇಲೆ ಜಾರುತ್ತಿದ್ದರೆ ತೋಳು ಗಿಡ್ಡ ಮಾಡುವ ಮುಂಚೆ ಗುಂಡಿಯನ್ನು ಅರ್ಧ ಇಂಚು ಒಳಗೆ ಹಾಕಿ ನೋಡಿ. ಪಟ್ಟಿ ಮಣಿಕಟ್ಟಿನಲ್ಲೇ ನಿಲ್ಲುತ್ತದೆ. ಎದೆಯ ಹತ್ತಿರ ಎರಡು ಗುಂಡಿಗಳ ಮಧ್ಯೆ ಬಾಯಿ ಬಿಡುತ್ತಿದ್ದರೆ ಒಳಗಡೆ ಒಂದು ಟಿಚ್ ಬಟನ್ ಸಾಕು. ಪ್ಯಾಂಟಿನ ಸೊಂಟ ದೊಗಳೆ ಇದ್ದರೆ ಹಿಂದಿನ ನಡುಹೊಲಿಗೆಯಲ್ಲಿ ಹಿಡಿಯಬಹುದು, ಆದರೆ 2 ಇಂಚಿಗಿಂತ ಜಾಸ್ತಿ ಬೇಡ. ಹಿಂದಿನ ಎರಡು ಜೇಬು ಒಂದಕ್ಕೊಂದು ಹತ್ತಿರ ಬಂದು ವಿಚಿತ್ರವಾಗಿ ಕಾಣುತ್ತದೆ.

ಬಿಗಿಯಾದದ್ದನ್ನು ಸಡಿಲ ಮಾಡುವುದಾದರೆ ಬಟ್ಟೆಯ ಒಳಭಾಗ ತಿರುಗಿಸಿ ನೋಡಿ. ಹೊಲಿಗೆಯ ಆಚೆ ಎಷ್ಟು ಬಟ್ಟೆ ಬಿಟ್ಟಿದ್ದಾರೋ ಅಷ್ಟರಲ್ಲೇ ಕೆಲಸ. ರೇಷ್ಮೆ, ಚರ್ಮ ಇಂಥವುಗಳಲ್ಲಿ ಹಳೆಯ ಸೂಜಿಯ ತೂತು ಉಳಿದುಬಿಡುತ್ತದೆ, ಬಹಳ ದಿನ ಹಾಕಿದ ಬಟ್ಟೆಯಾದರೆ ಮಾಸದ ಗೆರೆಯೂ ಎದ್ದು ಕಾಣುತ್ತದೆ. ಬಿಚ್ಚುವಾಗ ಸುಮ್ನೆ ಎಳೆಯಬೇಡಿ. ಒಂದು ಬದಿಯಲ್ಲಿ ನಾಲ್ಕೈದು ಹೊಲಿಗೆಗೆ ಒಂದರಂತೆ ಕತ್ತರಿಸುತ್ತಾ ಹೋಗಿ, ಆಮೇಲೆ ಇನ್ನೊಂದು ಬದಿಯ ದಾರ ಉದ್ದಕ್ಕೆ ಎದ್ದು ಬರುತ್ತದೆ. ಟೀ ಶರ್ಟಿನಂಥ ಹಿಗ್ಗುವ ಬಟ್ಟೆಗೆ ನೇರ ಹೊಲಿಗೆ ಹಾಕಬೇಡಿ, ತಲೆ ತೂರಿಸುವಾಗಲೇ ದಾರ ತುಂಡಾಗುತ್ತದೆ. ಸಣ್ಣ ಜಿಗ್‌ಜಾಗ್ ಹೊಲಿಗೆ ಹಾಕಿ, ಮೊಂಡು ತುದಿಯ ಸೂಜಿ ಬಳಸಿ.

ಏನೇ ಮಾಡಿದರೂ ಮಿಷಿನ್ನಿಗೆ ಕೊಡುವ ಮುಂಚೆ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ಬೇರೆ ಬಣ್ಣದ ದಾರದಲ್ಲಿ, ಉದ್ದುದ್ದ ಹೊಲಿಗೆ. ಹಾಕಿಕೊಂಡು ನಿಂತು ನೋಡಿದರೆ ಸಾಲದು. ಕುರ್ಚಿ ಮೇಲೆ ಕೂರಿ. ಎರಡೂ ಕೈ ಮೇಲೆತ್ತಿ, ಮುಂದೆ ಚಾಚಿ. ಬಗ್ಗಿ ಬೂಟಿನ ದಾರ ಕಟ್ಟಿ. ಎಲ್ಲಿಯೂ ಹಿಡಿಯಲಿಲ್ಲವಾ? ಹಾಗಾದರೆ ಗಟ್ಟಿ ಹೊಲಿಗೆ ಹಾಕಿ ಇಸ್ತ್ರಿ ಮಾಡಿ. ಒಳಗೆ ಉಳಿದ ಬಟ್ಟೆಯನ್ನು ಮಾತ್ರ ಈಗಲೇ ಕತ್ತರಿಸಬೇಡಿ. ಎರಡು ಮೂರು ಸಲ ಹಾಕಿ, ಒಗೆದು, ಸರಿಯಾಗಿದೆ ಅನ್ನಿಸಿದ ಮೇಲೆ ಕತ್ತರಿ ತೆಗೆದುಕೊಳ್ಳಿ.

ನಮಸ್ಕಾರ.