ಟ್ವಿಟರ್, ಬ್ಲೂಸ್ಕೈಗೆ ಹೊಸಬರಾ? ಪೋಸ್ಟ್ ಆಮೇಲೆ ಹಾಕಿ, ಮೊದ್ಲು ರಿಪ್ಲೈ ಮಾಡಿ

ನಮಸ್ಕಾರ ಎಲ್ರಿಗೂ. ಎಕ್ಸ್ (ನಾನಂತೂ ಇನ್ನೂ ಟ್ವಿಟರ್ ಅಂತಾನೇ ಕರೆಯೋದು), ಬ್ಲೂಸ್ಕೈ, ಮಾಸ್ಟೊಡಾನ್, ಥ್ರೆಡ್ಸ್, ಚಿಕ್ಕ ಚಿಕ್ಕ ಪೋಸ್ಟ್ ಹಾಕೋ ಈ ಆ್ಯಪ್‌ಗಳಲ್ಲಿ ಯಾವ್ದೋ ಒಂದರಲ್ಲಿ ಅಕೌಂಟ್ ಮಾಡ್ಕೊಂಡು, "ಹಲೋ, ನಾನೂ ಬಂದೆ" ಅಂತ ಒಂದು ಪೋಸ್ಟ್ ಹಾಕಿ, ಒಂದು ಲೈಕೂ ಬರ್ದೆ, ಏನಪ್ಪಾ ಇದು ಯಾರೂ ಮಾತಾಡ್ಸೋದೇ ಇಲ್ವಲ್ಲ ಅಂತ ಆ್ಯಪ್ ತೆಗೆದುಬಿಡೋರು ತುಂಬಾ ಜನ ಇದಾರೆ. ಈ ವಿಡಿಯೋ ಅವ್ರಿಗೆ.

ವಾಟ್ಸಾಪ್ ಗ್ರೂಪಲ್ಲಿ ನಿಮ್ಮ ಗುರ್ತಿರೋರು ಮೊದ್ಲೇ ಇರ್ತಾರೆ. ಇಲ್ಲಿ ಹಾಗಲ್ಲ. ನೀವು ಯಾರನ್ನ ಬೇಕಾದ್ರೂ ಫಾಲೋ ಮಾಡ್ಬಹುದು, ಲಾಕ್ ಮಾಡಿರೋ ಅಕೌಂಟ್ ಬಿಟ್ರೆ ಯಾರ ಪರ್ಮಿಷನ್ನೂ ಬೇಡ, ಆದ್ರೆ ಅವ್ರು ನಿಮ್ಮನ್ನ ವಾಪಸ್ ಫಾಲೋ ಮಾಡ್ಲೇಬೇಕು ಅಂತೇನಿಲ್ಲ. ಫಾಲೋವರ್ಸ್ ಸೊನ್ನೆ ಇದ್ದಾಗ ನಿಮ್ಮ ಪೋಸ್ಟ್ ಎಷ್ಟೇ ಚೆನ್ನಾಗಿದ್ರೂ ಅದು ಹೋಗಿ ಸೇರೋ ಫೀಡೇ, ಅಂದ್ರೆ ಆ್ಯಪ್ ತೆಗೆದಾಗ ಜನಕ್ಕೆ ಕಾಣೋ ಪೋಸ್ಟ್‌ಗಳ ಸಾಲೇ, ಹೆಚ್ಚುಕಮ್ಮಿ ಇಲ್ಲ. ಅದೇ ಬೇರೆಯವ್ರ ಪೋಸ್ಟ್ ಕೆಳಗೆ ಒಂದು ಒಳ್ಳೆ ರಿಪ್ಲೈ ಬರೆದ್ರೆ, ಅದನ್ನ ಓದೋಕೆ ಬಂದೋರೆಲ್ಲಾ ನಿಮ್ಮದನ್ನೂ ಓದ್ತಾರೆ, ಯಾರಿದು ಅಂತ ಹೆಸ್ರು ಒತ್ತಿ ಪ್ರೊಫೈಲಿಗೆ ಬರ್ತಾರೆ.

ಬಂದಾಗ ಅಲ್ಲಿ ಏನಾದ್ರೂ ಇರ್ಬೇಕಲ್ವಾ? ಅದಕ್ಕೇ ಮೊದ್ಲು ಪ್ರೊಫೈಲ್.

[ಸ್ಕ್ರೀನ್ ಮೇಲೆ: ಖಾಲಿ ಪ್ರೊಫೈಲ್, ಪಕ್ಕದಲ್ಲಿ ತುಂಬಿದ ಪ್ರೊಫೈಲ್]

ಹೆಸ್ರು ಎರಡಿರುತ್ತೆ. ಒಂದು ಮೇಲೆ ದಪ್ಪಗೆ ಕಾಣೋದು, ಅದನ್ನ ಆರಾಮಾಗಿ ಕನ್ನಡದಲ್ಲೇ ಇಡಿ. ಇನ್ನೊಂದು @ ಗುರ್ತಿನ ಜೊತೆ ಬರೋ ಹ್ಯಾಂಡಲ್. ಟ್ವಿಟರಲ್ಲಿ ಇದಕ್ಕೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ರೆ ಬೇರೇನೂ ಆಗಲ್ಲ, ಜಾಸ್ತಿ ಅಂದ್ರೆ 15 ಅಕ್ಷರ. ಕೊನೇಲಿ ಉದ್ದಕ್ಕೆ ನಂಬರ್ ಇರೋ ಹ್ಯಾಂಡಲ್ ನೋಡಿದ್ರೆ ಬಾಟ್ (ಮನುಷ್ಯರಲ್ಲ, ಪ್ರೋಗ್ರಾಂ ಓಡ್ಸೋ ಅಕೌಂಟ್) ಇರ್ಬೇಕು ಅಂತ ಜನ ದೂರ ಹೋಗ್ತಾರೆ, ಆ್ಯಪ್ ತಾನಾಗೇ ಅಂಥದ್ದೊಂದು ಕೊಟ್ಟಿದ್ರೆ ಈಗ್ಲೇ ಬದಲಾಯ್ಸಿ. ಒಂದು ಫೋಟೋ ಹಾಕಿ, ಮುಖಾನೇ ಇರ್ಬೇಕಂತಿಲ್ಲ. ಬಯೋದಲ್ಲಿ ನೀವು ಏನರ ಬಗ್ಗೆ ಮಾತಾಡ್ತೀರ ಅಂತ ಎರಡು ಸಾಲು ಸಾಕು, ಜೀವನ ಚರಿತ್ರೆ ಬೇಡ.

ಯಾವ ಆ್ಯಪ್ ಒಳ್ಳೇದು ಅಂತ ಕೇಳ್ತೀರಾ, ನಿಮಗೆ ಬೇಕಾದ ಜನ ಎಲ್ಲಿದಾರೋ ಅದು. ಥ್ರೆಡ್ಸ್‌ಗೆ ಇನ್ಸ್ಟಾಗ್ರಾಮ್ ಅಕೌಂಟಿಂದಾನೇ ಹೋಗ್ಬಹುದು. ಮಾಸ್ಟೊಡಾನಲ್ಲಿ ಮಾತ್ರ ಶುರುವಲ್ಲೇ ಸರ್ವರ್ ಆರಿಸಿ ಅನ್ನುತ್ತೆ, ಇಲ್ಲೇ ಅರ್ಧ ಜನ ಗಾಬರಿ ಬೀಳೋದು, ಏನಿಲ್ಲ, ಇಮೇಲ್ ಥರಾನೇ, ಯಾವ ಕಂಪನಿ ಐಡಿ ಇದ್ರೂ ಎಲ್ರಿಗೂ ಮೇಲ್ ಹೋಗುತ್ತಲ್ಲ ಹಾಗೆ. ದೊಡ್ಡ ಸರ್ವರ್ ಒಂದನ್ನ ಒತ್ತಿ ಮುಂದೆ ಹೋಗಿ, ಆಮೇಲೆ ಬೇರೆ ಕಡೆ ಹೋಗ್ಬೇಕು ಅನ್ನಿಸಿದ್ರೆ ಫಾಲೋವರ್ಸನ್ನೂ ಕರ್ಕೊಂಡು ಹೋಗ್ಬಹುದು. ಹಳೇ ಪೋಸ್ಟ್‌ಗಳು ಮಾತ್ರ ಬರಲ್ಲ.

ಈಗ ಫಾಲೋ ಮಾಡೋದು. ಆ್ಯಪ್ ಮೊದ್ಲು ಸೆಲೆಬ್ರಿಟಿಗಳನ್ನ ತೋರ್ಸುತ್ತೆ, ಅವ್ರನ್ನ ಬಿಡಿ, ಲಕ್ಷಗಟ್ಲೆ ಫಾಲೋವರ್ಸ್ ಇರೋರು ನಿಮ್ಮ ರಿಪ್ಲೈ ನೋಡೋದು ಡೌಟು. ನಿಮಗೆ ಇಷ್ಟವಾದ ವಿಷ್ಯದ ಬಗ್ಗೆ ಬರೆಯೋ ಚಿಕ್ಕ ಅಕೌಂಟ್‌ಗಳನ್ನ ಸರ್ಚ್ ಮಾಡಿ ಹುಡುಕಿ, ಅವ್ರು ಯಾರ ಜೊತೆ ಹರಟ್ತಾರೆ ನೋಡಿ, ಅವ್ರನ್ನೂ ಫಾಲೋ ಮಾಡಿ. ಬ್ಲೂಸ್ಕೈನಲ್ಲಿ ಸ್ಟಾರ್ಟರ್ ಪ್ಯಾಕ್ ಅಂತ ಇದೆ, ಒಂದೇ ಸಲ ಒಂದು ಗುಂಪನ್ನೇ ಫಾಲೋ ಮಾಡ್ಬಹುದು. ಟ್ವಿಟರಲ್ಲಿ ಆ್ಯಪ್ ತಾನೇ ಆರಿಸಿ ತೋರ್ಸೋ "ಫಾರ್ ಯೂ" ಬಿಟ್ಟು "ಫಾಲೋಯಿಂಗ್" ಟ್ಯಾಬಿಗೆ ಹೋಗಿ. ಮೊದ್ಲನೇದ್ರಲ್ಲಿ ಜಗಳಾನೇ ಜಾಸ್ತಿ ಅನ್ನೋದು ನನ್ನ ಅನಿಸಿಕೆ.

[ಸ್ಕ್ರೀನ್ ಮೇಲೆ: 140, 280, 300, 500]

ಅಕ್ಷರದ ಲೆಕ್ಕಕ್ಕೆ ಬರೋಣ, ಕನ್ನಡದೋರಿಗೆ ಇದು ಮುಖ್ಯ. 2006ರಲ್ಲಿ ಟ್ವಿಟರ್ ಶುರುವಾದಾಗ ಎಸ್ಸೆಮ್ಮೆಸ್ ಮೇಲೆ ಓಡ್ತಿತ್ತು, ಎಸ್ಸೆಮ್ಮೆಸ್‌ಗೆ 160 ಅಕ್ಷರ, ಅದ್ರಲ್ಲಿ 20 ಹೆಸ್ರಿಗೆ ಬಿಟ್ಟು ಉಳಿದ 140 ನಮಗೆ. 2017ರಲ್ಲಿ ಅದು 280 ಆಯ್ತು. ಬ್ಲೂಸ್ಕೈ 300, ಥ್ರೆಡ್ಸ್ 500, ಮಾಸ್ಟೊಡಾನಲ್ಲೂ ಸಾಮಾನ್ಯವಾಗಿ 500. ಆದ್ರೆ ಟ್ವಿಟರ್ ನಮ್ಮ ಒತ್ತಕ್ಷರ, ಕಾಗುಣಿತದ ಗುರ್ತು ಎಲ್ಲಾನೂ ಬೇರೆ ಬೇರೆ ಎಣಿಸುತ್ತೆ. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ, ಟ್ವಿಟರಿಗೆ ಆರು: ಸ, ಅರ್ಧಾಕ್ಷರದ ಗುರ್ತು, ತ, ಮತ್ತೆ ಅದೇ ಗುರ್ತು, ರ, ದೀರ್ಘ. ಅರ್ಧ ಪುಟ ಬರೆದೇ ಇಲ್ಲ, ಆಗ್ಲೇ ಲಿಮಿಟ್ ಮುಗೀತು ಅಂದ್ರೆ ಇದೇ ಕಾರಣ. ಬ್ಲೂಸ್ಕೈ ಕಾಗುಣಿತ ಸೇರಿದ ಅಕ್ಷರಾನ ಒಂದು ಅಂತಾನೇ ಎಣಿಸೋದ್ರಿಂದ ಅಲ್ಲಿ ನಮಗೆ ಜಾಗ ಜಾಸ್ತಿ. ಲಿಂಕ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಟ್ವಿಟರಲ್ಲಿ ಎಷ್ಟುದ್ದ ಇದ್ರೂ 23 ಅಂತಾನೇ ಲೆಕ್ಕ. ಇನ್ನೂ ಉದ್ದ ಹೇಳೋದಿದ್ರೆ ನಿಮ್ಮ ಪೋಸ್ಟಿಗೆ ನೀವೇ ರಿಪ್ಲೈ ಹಾಕ್ಕೊಂಡು ಹೋಗಿ, ಈ ಸಾಲಿಗೇ ಥ್ರೆಡ್ ಅನ್ನೋದು, ಥ್ರೆಡ್ಸ್ ಆ್ಯಪ್ ಬೇರೆ. ಮೊದಲ್ನೇ ಪೋಸ್ಟಲ್ಲೇ ವಿಷ್ಯ ಹೇಳ್ಬಿಡಿ ಮತ್ತೆ, ಎರಡನೇದಕ್ಕೆ ಬರೋರು ಕಮ್ಮಿ.

ಹ್ಯಾಶ್‌ಟ್ಯಾಗ್, ಅಂದ್ರೆ ಮುಂದೆ # ಗುರ್ತು ಹಾಕಿ ಬರೆಯೋ ವಿಷ್ಯದ ಹೆಸ್ರು, ಈ ಐಡಿಯಾ ಟ್ವಿಟರ್ ಕಂಪನಿದಲ್ಲ ಗೊತ್ತಾ, 2007ರಲ್ಲಿ ಕ್ರಿಸ್ ಮೆಸ್ಸಿನಾ ಅನ್ನೋ ಒಬ್ಬ ಯೂಸರ್ ಕೊಟ್ಟಿದ್ದು. ಕನ್ನಡದಲ್ಲೂ ಹಾಕ್ಬಹುದು, ಮಧ್ಯೆ ಸ್ಪೇಸ್ ಬಿಟ್ರೆ ಅಲ್ಲಿಗೇ ತುಂಡಾಗುತ್ತೆ. ಒಂದೆರಡು ಸಾಕು, ಹತ್ತು ಹಾಕಿದ್ರೆ ಜಾಹೀರಾತಿನ ಥರ ಕಾಣುತ್ತೆ.

ರೀಪೋಸ್ಟ್ ಅಂದ್ರೆ ಬೇರೆಯವ್ರ ಮಾತನ್ನ ಹಾಗ್ಹಾಗೇ ನಿಮ್ಮ ಫಾಲೋವರ್ಸಿಗೆ ದಾಟ್ಸೋದು, ಕೋಟ್ ಅಂದ್ರೆ ಅದ್ರ ಮೇಲೆ ನಿಮ್ಮ ಮಾತು ಸೇರ್ಸೋದು. ಯಾರನ್ನೋ ಬೈಯ್ಯೋಕೆ ಕೋಟ್ ಮಾಡಿದ್ರೆ ಅವ್ರ ಮಾತನ್ನ ನೀವೇ ನಾಲ್ಕು ಜನಕ್ಕೆ ಹಂಚಿದಂಗಾಯ್ತು, ಅದ್ರ ಬದ್ಲು ಮ್ಯೂಟ್ ಮಾಡಿ, ಅವ್ರ ಪೋಸ್ಟ್ ನಿಮ್ಮ ಫೀಡಲ್ಲಿ ಕಾಣಲ್ಲ. ಮ್ಯೂಟ್ ಮಾಡಿದ್ದು ಅವ್ರಿಗೆ ಗೊತ್ತಾಗಲ್ಲ. ಬೇಡದ ಪದಗಳನ್ನೂ ಮ್ಯೂಟ್ ಮಾಡ್ಬಹುದು, ಕ್ರಿಕೆಟ್ ನೋಡದೇ ಇರೋರು ಈ ಸೆಟ್ಟಿಂಗ್ ಖಂಡಿತ ಹುಡುಕಿ.

ಕೊನೇಗೆ ಸೇಫ್ಟಿ. ಟು ಸ್ಟೆಪ್ ಲಾಗಿನ್, ಅಂದ್ರೆ ಪಾಸ್‌ವರ್ಡ್ ಆದ್ಮೇಲೆ ಇನ್ನೊಂದು ಕೋಡ್ ಕೇಳೋದು, ಆನ್ ಮಾಡ್ಕೊಳ್ಳಿ. ಟ್ವಿಟರಲ್ಲಿ ಎಸ್ಸೆಮ್ಮೆಸ್ ಕೋಡ್ 2023ರಿಂದ ದುಡ್ಡು ಕೊಡೋರಿಗೆ ಮಾತ್ರ, ಫ್ರೀ ಅಕೌಂಟಿಗೆ ಆ ಕೋಡ್ ಕೊಡೋ ಅಥೆಂಟಿಕೇಟರ್ ಆ್ಯಪ್ ಹಾಕ್ಕೋಬೇಕು. ಬ್ಲೂ ಟಿಕ್ಕೂ ಅಲ್ಲಿ ದುಡ್ಡಿಗೇ ಸಿಗುತ್ತೆ, ಹಾಗಾಗಿ ಟಿಕ್ ಇದೆ ಅಂತ ನಂಬಿ ಡಿಎಂ (ಖಾಸಗಿ ಮೆಸೇಜ್) ಅಲ್ಲಿ ಬರೋ ಲಿಂಕ್ ಒತ್ಬೇಡಿ. ಬ್ಲೂಸ್ಕೈನಲ್ಲಿ ಪೋಸ್ಟ್ ಎಲ್ಲಾ ಪಬ್ಲಿಕ್ಕೇ, ಟ್ವಿಟರಲ್ಲಿ ಲಾಕ್ ಮಾಡ್ಬಹುದು, ಆದ್ರೆ ಲಾಕ್ ಮಾಡಿದ್ರೆ ನಿಮ್ಮನ್ನ ಫಾಲೋ ಮಾಡದೇ ಇರೋರಿಗೆ ನಿಮ್ಮ ರಿಪ್ಲೈ ಕಾಣಲ್ಲ. ಶುರುವಲ್ಲಿ ಓಪನ್ ಇಡಿ, ಮನೆ ಅಡ್ರೆಸ್, ಫೋನ್ ನಂಬರ್ ಎಲ್ಲೂ ಬರೀಬೇಡಿ. ಸೆಟ್ಟಿಂಗ್ಸಲ್ಲಿ ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಯಾವ ಆ್ಯಪ್ ಅಂತ ಕಾಮೆಂಟಲ್ಲಿ ಬರೀರಿ, ಆ ಆ್ಯಪಿಗೇ ಬೇರೆ ವಿಡಿಯೋ ಮಾಡ್ತೀನಿ.